ಕೆನಡಾ ಕೇಳುವುದು 12 ತಿಂಗಳು, ನಮ್ಮ ಅಗ್ರಿಮೆಂಟ್ 11 ತಿಂಗಳದ್ದು!

ಪ್ರಶ್ನೆ: ನಮಸ್ಕಾರ ಸರ್. ನಾನು ಬೆಂಗಳೂರಿನವಳು. ನನ್ನ ಪಾರ್ಟ್ನರ್ ಕೆನಡಾ ಪ್ರಜೆ, ಇಲ್ಲೇ ಕೆಲಸದಲ್ಲಿದ್ದಾನೆ. ಜಯನಗರದಲ್ಲಿ ಒಂದೇ ಮನೆಯಲ್ಲಿದ್ದೇವೆ, ಮದುವೆಯಾಗಿಲ್ಲ. ಮುಂದೆ ಅವನ ಊರು ಹ್ಯಾಲಿಫ್ಯಾಕ್ಸ್‌ನಲ್ಲಿ ನೆಲೆಸುವ ಆಸೆ. ಕಾಮನ್-ಲಾ ಸ್ಪಾನ್ಸರ್‌ಶಿಪ್‌ಗೆ (ಮದುವೆಯಾಗದೆ ಜತೆಗಿರುವ ಸಂಗಾತಿಯನ್ನು ಕೆನಡಾಗೆ ಕರೆಸಿಕೊಳ್ಳುವ ಅರ್ಜಿಗೆ) ನಮ್ಮ 11 ತಿಂಗಳ ಬಾಡಿಗೆ ಅಗ್ರಿಮೆಂಟ್ ಸಾಕಾ? ಅದು ಅವನೊಬ್ಬನ ಹೆಸರಿನಲ್ಲಿದೆ. ಇನ್ನೊಂದು ವಿಷಯ. ಓನರ್ ಆಂಟಿಗೆ ಗಂಡ-ಹೆಂಡತಿ ಅಂತ ಹೇಳಿದ್ದೇವೆ. ಇಲ್ಲದಿದ್ದರೆ ಮನೆ ಸಿಗ್ತಿರಲಿಲ್ಲ.

ಉತ್ತರ: ನಮಸ್ಕಾರ ಮೇಡಂ. ನಮ್ಮಲ್ಲಿ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ರಿಜಿಸ್ಟರ್ ಮಾಡಿಸಬೇಕು. ಆ ಖರ್ಚು, ಓಡಾಟ ಬೇಡ ಅಂತ ಓನರ್‌ಗಳು 11ಕ್ಕೆ ನಿಲ್ಲಿಸುತ್ತಾರೆ. ಕೆನಡಾ ಕೇಳುವುದು ಎಡೆಬಿಡದೆ 12 ತಿಂಗಳು ಒಟ್ಟಿಗೆ ವಾಸ. ಆ ಒಂದು ತಿಂಗಳಲ್ಲೇ ಜನ ಎಡವುವುದು.

ರಿನ್ಯೂ ಮಾಡಿಸಿ. ಈ ಸಲ ಇಬ್ಬರ ಹೆಸರೂ ಇರಲಿ. ಆಮೇಲೆ ಅದೇ ವಿಳಾಸಕ್ಕೆ ನಿಮ್ಮ ಹೆಸರಿನಲ್ಲಿ ಏನೇನು ಬಂದಿದೆ ಹುಡುಕಿ: ಬ್ಯಾಂಕ್ ಸ್ಟೇಟ್‌ಮೆಂಟ್, ಆಧಾರ್, ಆನ್‌ಲೈನ್ ಆರ್ಡರ್ ಬಿಲ್. ನಿಮ್ಮ ಪಾರ್ಟ್ನರ್ ಎಫ್‌ಆರ್‌ಆರ್‌ಒದಲ್ಲಿ (ವಿದೇಶಿಯರ ನೋಂದಣಿ ಕಚೇರಿ) ನೋಂದಾಯಿಸಿದ್ದರೆ ಆ ಕಾಗದದಲ್ಲಿ ವಿಳಾಸ ಇರುತ್ತದೆ. ಸರ್ಕಾರಿ ದಾಖಲೆ, ತೂಕ ಜಾಸ್ತಿ. ಬೆಸ್ಕಾಂ ಬಿಲ್ ಓನರ್ ಹೆಸರಲ್ಲಿದ್ದರೂ ನೀವು ಯುಪಿಐನಲ್ಲಿ ಕಟ್ಟಿದ್ದರೆ ಅದನ್ನೂ ಇಡಿ. ಕಾಮನ್-ಲಾ ಸಂಬಂಧದಲ್ಲಿದ್ದೇವೆ ಅಂತ ಹೇಳುವ ಐಎಂಎಂ 5409 ಅನ್ನುವ ಘೋಷಣೆ ಫಾರ್ಮಿಗೆ ನೋಟರಿ ಮುಂದೆ ಇಬ್ಬರೂ ಸಹಿ ಹಾಕಬೇಕು.

ಇನ್ನು ಆಂಟಿ ವಿಷಯ. ಅಗ್ರಿಮೆಂಟಿನಲ್ಲಿ 'ಪತ್ನಿ' ಅಂತಿದ್ದು ಫಾರ್ಮಿನಲ್ಲಿ 'ಕಾಮನ್-ಲಾ' ಅಂತಿದ್ದರೆ ಫೈಲ್ ನೋಡುವವರಿಗೆ ಅನುಮಾನ ಬರುತ್ತದೆ. ಜತೆಗಿಡುವ ಪತ್ರದಲ್ಲಿ ನೀವೇ ಹೇಳಿಬಿಡಿ, ಮದುವೆಯಾಗದವರಿಗೆ ಮನೆ ಕೊಡಲ್ಲ, ಅದಕ್ಕೇ ಹಾಗಂದೆವು ಅಂತ. ಮುಚ್ಚಿಟ್ಟು ಅದು ತಪ್ಪು ಮಾಹಿತಿ ಅಂತ ತೀರ್ಮಾನವಾದರೆ 5 ವರ್ಷ ಕೆನಡಾ ಬಾಗಿಲು ಬಂದ್. ಹಳೇ ದಿನಾಂಕ ಹಾಕಿ ಹೊಸ ಅಗ್ರಿಮೆಂಟ್ ಮಾಡಿಸುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ. ಇ-ಸ್ಟ್ಯಾಂಪ್ ಪೇಪರಿನ ಮೇಲೆ ಕೊಂಡ ದಿನಾಂಕ ಅಚ್ಚಾಗಿರುತ್ತದೆ!

ಪ್ರಶ್ನೆ: ಥ್ಯಾಂಕ್ಸ್ ಸರ್. ಈಗ ಒಂಬತ್ತು ತಿಂಗಳಾಗಿದೆ. ಮೊದಲು ತಾನು ಹೋಗಿ ಕೆಲಸ ಹುಡುಕಿ, ಆಮೇಲೆ ಅರ್ಜಿ ಹಾಕುತ್ತೇನೆ ಅಂತಾನೆ. ಅಮ್ಮ ಅಂತೂ "ಸುಮ್ನೆ ಮದುವೆಯಾಗಿ" ಅಂತಾರೆ.

ಉತ್ತರ: ಈಗ ಹೋದರೆ ಎಣಿಕೆ ಕೆಡುತ್ತದೆ. ಇನ್ನು ಮೂರು ತಿಂಗಳು ಕಾಯಲಿ. 12 ತುಂಬಿದ ಮೇಲೆ ಕೆಲಸಕ್ಕಾಗಿ ಸ್ವಲ್ಪ ಕಾಲ ದೂರವಿದ್ದರೆ ಪರವಾಗಿಲ್ಲ. ಅವರು ಪ್ರಜೆಯಾದ್ದರಿಂದ ಬೆಂಗಳೂರಿನಿಂದಲೇ ಸ್ಪಾನ್ಸರ್ ಮಾಡಬಹುದು, ನಿಮಗೆ ಪಿಆರ್ (ಕೆನಡಾದಲ್ಲಿ ಕಾಯಂ ವಾಸದ ಹಕ್ಕು) ಬಂದಾಗ ಅಲ್ಲಿಗೆ ವಾಪಸ್ ಹೋಗಿ ನೆಲೆಸುತ್ತೇವೆ ಅಂತ ತೋರಿಸಬೇಕು. ಪಿಆರ್ ಮಾತ್ರ ಇರುವವರಿಗೆ ಈ ಅನುಕೂಲ ಇಲ್ಲ, ಅವರು ಕೆನಡಾದಲ್ಲೇ ಇರಬೇಕು. ನಿಮಗೆ ಪಿಆರ್ ಬಂದ ದಿನದಿಂದ 3 ವರ್ಷ ನಿಮ್ಮ ಖರ್ಚಿನ ಹೊಣೆ ಅವರದು, ಮಧ್ಯೆ ಬೇರೆಯಾದರೂ. ಇದನ್ನು ಅವರಿಗೆ ಓದಿ ಹೇಳಿ.

ಅಮ್ಮನ ಮಾತು ಕಾಗದದ ಲೆಕ್ಕದಲ್ಲಿ ಸರಿ. ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸ್ ಕೊಟ್ಟು ರಿಜಿಸ್ಟರ್ ಆದರೆ 12 ತಿಂಗಳ ಲೆಕ್ಕವೇ ಬೇಡ. ಸಂಬಂಧ ನಿಜವಾದದ್ದು ಅಂತ ಮಾತ್ರ ಆಗಲೂ ತೋರಿಸಬೇಕು. ಆದರೆ ಫೈಲಿಗೋಸ್ಕರ ಮದುವೆಯಾಗಿ ಅಂತ ನಾನು ಯಾರಿಗೂ ಹೇಳಲ್ಲ.

ಇನ್ನೊಬ್ಬರ ಪ್ರಶ್ನೆ: ಸರ್, ನಾನು ಪಿಆರ್ ಅರ್ಜಿಯಲ್ಲಿ ಸಿಂಗಲ್ ಅಂತ ಬರೆದಿದ್ದೆ. ಆಗಲೇ ಗೆಳತಿ ಜತೆ ಪುಣೆಯಲ್ಲಿ ಒಂದೂವರೆ ವರ್ಷ ಒಟ್ಟಿಗಿದ್ದೆ. ಈಗ ಅವಳನ್ನು ಕರೆಸಬಹುದಾ?

ಉತ್ತರ: ಪಿಆರ್ ಕೈಗೆ ಬಂತಾ, ಇನ್ನೂ ಇಲ್ವಾ? ಬಂದಿಲ್ಲ ಅಂದರೆ ಇವತ್ತೇ ತಿದ್ದುಪಡಿ ಕಳಿಸಿ.

ಅವರೇ: ಬಂದು ಎರಡು ವರ್ಷ ಆಯ್ತು.

ಉತ್ತರ: ಹಾಗಾದರೆ ಕಷ್ಟ ಇದೆ. ಆಗ ಹೇಳದೆ ಬಿಟ್ಟ ಸಂಗಾತಿಯನ್ನು ಆಮೇಲೆ ಸ್ಪಾನ್ಸರ್ ಮಾಡಲು ಕಾನೂನೇ ಅಡ್ಡ ಬರುತ್ತದೆ, ನಿಮ್ಮ ಪಿಆರ್ ಮೇಲೂ ಪ್ರಶ್ನೆ ಏಳಬಹುದು. ಇನ್ನೇನೂ ಇಲ್ಲಿ ಬರೆಯಬೇಡಿ. ಈ ಎರಡು ಸಾಲನ್ನೂ ಅಳಿಸಿ, ಹಳೇ ಫೈಲ್ ಹಿಡಿದು ಕೆನಡಾದ ವಕೀಲರನ್ನು ನೋಡಿ.