ಗಂಟಲು ‘ಮಿಡಿಯುತ್ತದೆ’ ಎನ್ನಬಹುದಾ? ‘ಭಾವಪೂರ್ಣ’ಕ್ಕೆ ಬದಲಿ ಪದ ಇದೆಯಾ?

ಗೆಳೆಯರೆ,

ಎರಡು ಪದಗಳ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಕ್ಯಾನ್ಸರ್‌ನಿಂದಾಗಿ ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ನಮ್ಮ ಮಾವನಿಗೂ ಇದೇ ಆಪರೇಷನ್ ಆಗಿದೆ. ಹಾಗಾಗಿ ಕರಡಿನ ಮೊದಲ ಓದುಗರು ಅವರೇ.

ಧ್ವನಿಪೆಟ್ಟಿಗೆ ಹೋದ ಮೇಲೆ ಉಸಿರಾಟವೆಲ್ಲ ಕತ್ತಿನಲ್ಲಿ ಮಾಡಿದ ತೂತಿನಿಂದ. ಕೆಲವರಿಗೆ ಉಸಿರುನಾಳಕ್ಕೂ ಅನ್ನನಾಳಕ್ಕೂ ನಡುವೆ ಒಂದು ಕವಾಟ ಕೂರಿಸುತ್ತಾರೆ. ಗಾಳಿ ಆ ಕಡೆ ಹೋಗುತ್ತದೆ, ಅನ್ನ ನೀರು ಈ ಕಡೆ ಬರುವುದಿಲ್ಲ. ಬೆಂಗಳೂರಿನ ಡಾ. ವಿಶಾಲ್ ರಾವ್ ಬಡವರಿಗೆ 50 ರೂಪಾಯಿಗೆ ಸಿಗಲಿ ಎಂದು ರೂಪಿಸಿದ ‘ಓಂ’ ಇಂಥದ್ದೇ. ಹೊರದೇಶದ್ದಾದರೆ ಸಾವಿರಗಟ್ಟಲೆ. (ಹೆಸರಿಡುವುದರಲ್ಲಿ ಡಾಕ್ಟರು ನಮಗಿಂತ ಜಾಣರು!) ಬೆರಳಿನಿಂದ ತೂತು ಮುಚ್ಚಿ ಉಸಿರು ಬಿಟ್ಟರೆ ಗಾಳಿ ಕವಾಟ ದಾಟಿ ಅನ್ನನಾಳಕ್ಕೆ ನುಗ್ಗುತ್ತದೆ. ಅಲ್ಲಿನ ಗೋಡೆ... ಏನಾಗುತ್ತದೆ ಅನ್ನಬೇಕು? ಅದರಿಂದಲೇ ಹೊಸ ದನಿ ಹುಟ್ಟುವುದು.

ಮೊದಲು ‘ಕಂಪಿಸುತ್ತದೆ’ ಎಂದು ಬರೆದಿದ್ದೆ. ಓದಿದವರೊಬ್ಬರು ‘ಗಂಟಲಲ್ಲೂ ಭೂಕಂಪವಾ?’ ಎಂದರು. ‘ನಡುಗುತ್ತದೆ’ ಎಂದರೆ ಚಳಿಜ್ವರ. ‘ಅದುರುತ್ತದೆ’ ಎಂದರೆ, ಕಣ್ಣು ಅದುರಿದರೂ ಶಕುನ ನೋಡುವ ಜನ ನಾವು. ಕೊನೆಗೆ ‘ಮಿಡಿಯುತ್ತದೆ’ ಎಂದು ಬರೆದೆ. ತಂತಿ ಮಿಡಿಯುತ್ತದೆ, ನಾಡಿ ಮಿಡಿಯುತ್ತದೆ, ಇನ್ನೊಬ್ಬರ ಕಷ್ಟಕ್ಕೆ ಮನಸ್ಸೂ ಮಿಡಿಯುತ್ತದೆ. ಗಂಟಲೂ ಮಿಡಿಯಲಿ ಅಂದುಕೊಂಡೆ.

ಅತ್ತೆ ಒಪ್ಪಲಿಲ್ಲ. ಅವರು ವೀಣೆ ಕಲಿಸುವವರು. ‘ಇಷ್ಟು ವರ್ಷ ಪಾಠ ಹೇಳಿದ್ದೀನಿ, ಮಿಡಿ ಅಂತ ಒಂದು ದಿನವೂ ಅಂದಿಲ್ಲ. ಮೀಟು ಅಂತೀವಿ. ಮಿಡಿಯೋದೆಲ್ಲ ಕವಿಗಳು, ಪೇಪರಿನವರು’ ಎಂದರು. ಹೇಳಿ ಸುಮ್ನಾಗಲಿಲ್ಲ, ಒಂದೇ ಸಲ ಮೀಟಿ, ಎಡಗೈಯಲ್ಲಿ ವೀಣೆಯ ಮೆಟ್ಟಿಲ ಮೇಲೆ ತಂತಿ ಎಳೆದು ಮೂರು ಸ್ವರ ಹೊರಡಿಸಿ ತೋರಿಸಿದರು. ನನಗನ್ನಿಸುವುದು ಹೀಗೆ: ಮೀಟುವುದು ಬೆರಳು, ಮಿಡಿಯುವುದು ತಂತಿ. ಆದರೆ ‘ಕಂಬನಿ ಮಿಡಿದರು’ ಎಂದಾಗ ಈ ಲೆಕ್ಕ ತಪ್ಪುತ್ತದೆ, ಅಲ್ವಾ? ಅಲ್ಲಿ ಮಿಡಿಯುವವರು ಮನುಷ್ಯರು.

ಇನ್ನೊಂದು ಪದ ಇದಕ್ಕಿಂತ ತಲೆನೋವು. ಕೆಲವರು ಕತ್ತಿಗೆ ಒತ್ತಿ ಹಿಡಿಯುವ ಬ್ಯಾಟರಿ ಯಂತ್ರ ಬಳಸುತ್ತಾರೆ. ಮಾವನೂ ಮೊದಲು ಅದನ್ನೇ ಬಳಸುತ್ತಿದ್ದರು. ಜುಯ್ ಎಂದು ಒಂದೇ ಸ್ಥಾಯಿ. ಅತ್ತೆ ಅದನ್ನು ‘ತಾಳದ ತಂತಿ’ ಎಂದು ಕರೆಯುತ್ತಿದ್ದರು. ವೀಣೆಯ ಏಳು ತಂತಿಗಳಲ್ಲಿ ಪಕ್ಕದ ಮೂರು ತಾಳಕ್ಕೆ. ಅವನ್ನು ಮೆಟ್ಟಿಲ ಮೇಲೆ ಒತ್ತುವುದೂ ಇಲ್ಲ, ಎಳೆಯುವುದೂ ಇಲ್ಲ. ಬರೆದದ್ದನ್ನು ಓದಿ ಹೇಳುವ ಫೋನಿನ ಹಳೇ ಆಪ್‌ಗಳದ್ದೂ ಹೆಚ್ಚುಕಡಿಮೆ ಅದೇ ಕತೆ. ಮಾವ ‘ಊಟ ಆಯ್ತಾ?’ ಎಂದು ಟೈಪ್ ಮಾಡಿದರೆ, ರೈಲು ಎರಡನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದ ಹಾಗೆ ಕೇಳಿಸುತ್ತಿತ್ತು. ಈಗಿನ ಆಪ್‌ಗಳಲ್ಲಿ ದನಿ ಏರುತ್ತದೆ, ಇಳಿಯುತ್ತದೆ, ಪ್ರಶ್ನೆ ಪ್ರಶ್ನೆಯ ಹಾಗೇ ಕೇಳುತ್ತದೆ. ಇಂಥ ದನಿಗೆ ಏನನ್ನೋಣ?

ಎಲ್ಲರೂ ಬರೆಯುವುದು ‘ಭಾವಪೂರ್ಣ ಧ್ವನಿ’. ಸ್ವಾಮಿ, ಬೀದಿಯ ಫ್ಲೆಕ್ಸ್ ನೋಡಿ. ‘ಭಾವಪೂರ್ಣ’ದ ಹಿಂದೆಯೇ ‘ಶ್ರದ್ಧಾಂಜಲಿ’ ಬರುತ್ತದೆ. ಕ್ಯಾನ್ಸರ್ ಗೆದ್ದು ಬಂದವರ ಕೈಗೆ ಆ ಪದ ಕೊಡಲು ನನಗೆ ಮನಸ್ಸಿಲ್ಲ. ‘ಏರಿಳಿತದ ದನಿ’ ನೇರವಾಗಿದೆ, ಆದರೆ ಬಿ.ಪಿ. ನೆನಪಾಗುತ್ತದೆ. ‘ಜೀವ ಇರುವ ದನಿ’ ನನಗೆ ಇಷ್ಟ. ಆದರೆ ಹಾಗಂದರೆ, ಯಂತ್ರ ಹಿಡಿದು ಮಾತಾಡುವವರ ದನಿಗೆ ಜೀವ ಇಲ್ಲ ಅಂದ ಹಾಗಾಗುತ್ತದೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ 1985ರಲ್ಲಿ ಮಾತು ಹೋಯಿತು, ಯಂತ್ರದ ದನಿಯಲ್ಲಿ ಮಾತಾಡತೊಡಗಿದರು. ಆಮೇಲೆ ಇನ್ನೂ ಒಳ್ಳೆಯ ದನಿಗಳು ಬಂದರೂ ಅವರು ಆ ಹಳೇ ಯಂತ್ರದ ದನಿಯನ್ನೇ ಇಟ್ಟುಕೊಂಡರು. ಅದು ಅವರದ್ದೇ ದನಿ ಆಗಿಬಿಟ್ಟಿತ್ತು.

ನಿಮ್ಮ ಕಡೆ, ಮುಖ್ಯವಾಗಿ ಧಾರವಾಡ, ಕಲಬುರಗಿ ಕಡೆಯವರು, ತಂತಿ ಝುಂ ಎನ್ನುವುದಕ್ಕೆ ಏನಂತೀರಿ? ಮಗ್ಗದವರ ಮಾತೋ, ಏಕತಾರಿ ಹಿಡಿಯುವವರ ಮಾತೋ, ಯಾವುದಾದರೂ ಆದೀತು.

ಅಂದ ಹಾಗೆ, ಮಾವನ ತೀರ್ಪು ಬಂದಾಗಿದೆ. ಅವರು ಸಾಗರದವರು. ಕರಡು ಓದಿ, ತೂತಿಗೆ ಹೆಬ್ಬೆರಳಿಟ್ಟು ನಿಧಾನಕ್ಕೆ ಕೇಳಿದರು: ‘ಮಿಡಿ ಅಂದ್ರೆ... ಉಪ್ಪಿನಕಾಯಿ ಹಾಕೋದಲ್ವೇನೋ?’