ಪರಿಸರ ವಿಜ್ಞಾನಕ್ಕೆ ಮೊದಲು ಅಳತೆಯೋ, ಪಾಠವೋ?

ಹುಲ್ಲುಗಾವಲು:
ಹನ್ನೊಂದು ವರ್ಷದಿಂದ ಪರಿಸರ ವಿಜ್ಞಾನ ಕಲಿಸುತ್ತಿದ್ದೇನೆ. ಈ ಸಲ ಒಂದು ನಿರ್ಧಾರ ಮಾಡಿದ್ದೇನೆ. ಮೊದಲ ಮೂರು ತಿಂಗಳು ಪುಸ್ತಕ ತೆರೆಯುವುದಿಲ್ಲ. ಒಂದು ಮೀಟರ್ ಚೌಕಟ್ಟು ಹಾಕಿ ಅದರೊಳಗಿನ ಗಿಡ ಎಣಿಸುವುದು, ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯುವ ಸೆಕ್ಕಿ ತಟ್ಟೆಯನ್ನು ನೀರಿಗೆ ಇಳಿಸಿ ಎಷ್ಟು ಆಳಕ್ಕೆ ಕಣ್ಮರೆಯಾಗುತ್ತದೆ ಎಂದು ಬರೆದುಕೊಳ್ಳುವುದು, ಮಣ್ಣನ್ನು ಬಾಟಲಿಯಲ್ಲಿ ನೀರಿನೊಂದಿಗೆ ಕಲಕಿ ಇಟ್ಟು ಮರಳು, ಹೂಳು, ಜೇಡಿ ಬೇರೆ ಬೇರೆ ಪದರವಾಗಿ ಕೂರುವುದನ್ನು ನೋಡುವುದು. ಬಸವನಹುಳುಗಳಿಗೆ ಗುರುತು ಹಾಕಿ ಬಿಟ್ಟು ಮತ್ತೆ ಹಿಡಿಯುವುದೂ ಉಂಟು. 40ಕ್ಕೆ ಗುರುತು ಹಾಕಿದ್ದೇವೆ, ಎರಡನೇ ಸಲ ಸಿಕ್ಕ 50ರಲ್ಲಿ 10ಕ್ಕೆ ಗುರುತಿದೆ, ಹಾಗಾದರೆ ಒಟ್ಟು ಸುಮಾರು 200 ಇರಬೇಕು ಎಂದು ಹುಡುಗಿಯೊಬ್ಬಳು ತಾನೇ ಲೆಕ್ಕ ಹಾಕಿ ಹೇಳಿದಾಗ ಅವಳ ಮುಖ ನೋಡಬೇಕಿತ್ತು. "ನೈಸರ್ಗಿಕ ಸಂಪನ್ಮೂಲಗಳ ಮಹತ್ವ ವಿವರಿಸಿ" ಎಂಬ ಪ್ರಶ್ನೆಗೆ ಐದಕ್ಕೆ ಐದು ತೆಗೆದ ಮಗುವನ್ನು ಕೆರೆಯ ದಂಡೆಯಲ್ಲಿ ನಿಲ್ಲಿಸಿದರೆ ಏನು ನೋಡಬೇಕೆಂದೇ ಅದಕ್ಕೆ ಗೊತ್ತಿರುವುದಿಲ್ಲ. ಪುಸ್ತಕಕ್ಕೆ ಹೋಗುವಾಗಲೂ ಕೈಬಾಬ್ ಜಿಂಕೆಗಳ ಗ್ರಾಫಿನಂಥ ನಿಜವಾದ ದತ್ತಾಂಶದಿಂದಲೇ ಹೋಗುತ್ತೇನೆ. ಒಪ್ಪದವರು ಕಾರಣ ಹೇಳಿ.

ನೀಲಿಶಾಯಿ:
"ಪುಸ್ತಕ ತೆರೆಯುವುದಿಲ್ಲ" ಎಂಬುದನ್ನು ನೀವು ಹೆಮ್ಮೆಯಿಂದ ಹೇಳುತ್ತಿದ್ದೀರಿ, ನನಗೆ ಅದೇ ಭಯ. ತಟ್ಟೆ ಒಂದೂವರೆ ಮೀಟರಿಗೆ ಮರೆಯಾಯಿತು ಎಂದುಕೊಳ್ಳೋಣ. ಪಾಚಿಯಿಂದಲೋ, ಕೊಚ್ಚಿ ಬಂದ ಮಣ್ಣಿನಿಂದಲೋ? ಪಾಚಿಯಾದರೆ ಅದನ್ನು ಬೆಳೆಸುವ ರಂಜಕ ಎಲ್ಲಿಂದ ಇಳಿಯಿತು? ಮಣ್ಣಾದರೆ ಮೇಲಿನ ಇಳಿಜಾರಿನಲ್ಲಿ ಏನು ನಡೆಯಿತು? ಎರಡರ ಪರಿಹಾರವೂ ಬೇರೆ. ಪೋಷಕಾಂಶಗಳ ಚಕ್ರ ಓದದ ಮಗುವಿಗೆ ಒಂದೂವರೆ ಮೀಟರ್ ಎಂದರೆ ಒಂದೂವರೆ ಮೀಟರ್, ಅಷ್ಟೇ.

ಹುಲ್ಲುಗಾವಲು:
"ಪರಿಹಾರವೂ ಬೇರೆ". ಈ ಮಾತನ್ನು ನನ್ನ ಮಕ್ಕಳು ನಾನು ಹೇಳಿಕೊಡದೆಯೇ ಹೇಳಿದರು. ಒಂದು ಬಾಟಲಿಯ ನೀರು ಹಸಿರು, ಇನ್ನೊಂದರದ್ದು ಕಂದು. ರಾತ್ರಿಯಿಡೀ ಹಾಗೇ ಇಟ್ಟರೆ ಕಂದು ನೀರಿನ ತಳದಲ್ಲಿ ಕೆಸರು ಕೂತಿತು, ಹಸಿರು ನೀರು ಹಸಿರಾಗಿಯೇ ಉಳಿಯಿತು. ರಂಜಕದ ಹೆಸರು ಆಮೇಲೆ ಬರಲಿ.

ಮೀನುಬಲೆ:
ಇದೇನು ಹೊಸ ಚರ್ಚೆಯಲ್ಲ. 1977ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಟಿಬಿಲಿಸಿಯಲ್ಲಿ ಯುನೆಸ್ಕೋ ಸಮ್ಮೇಳನ ಪರಿಸರ ಶಿಕ್ಷಣಕ್ಕೆ ಐದು ಗುರಿ ಹೇಳಿತು: ಅರಿವು, ಜ್ಞಾನ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ. ಶಾಲೆಗಳು ಮೊದಲ ಎರಡರಲ್ಲೇ ನಿಂತುಬಿಟ್ಟವು. ಹುಲ್ಲುಗಾವಲು ಅವರು ನಾಲ್ಕನೆಯದಕ್ಕೆ ಕೈ ಹಾಕಿದ್ದಾರೆ, ಅದನ್ನಾದರೂ ಮಾಡಲು ಬಿಡಿ.

ನೀಲಿಶಾಯಿ:
ನೀವೇ ಕೊಟ್ಟ ಪಟ್ಟಿ ನೋಡಿ. ಜ್ಞಾನ ಎರಡನೆಯದು, ಕೌಶಲ ನಾಲ್ಕನೆಯದು.

ಮೀನುಬಲೆ:
ಅದು ಪಟ್ಟಿ, ಏಣಿಯಲ್ಲ. ಒಂದರ ಮೇಲೊಂದು ಮೆಟ್ಟಿಲು ಹತ್ತಿ ಎಂದು ಯಾರೂ ಹೇಳಿಲ್ಲ.

ಅಂಕಿಅಂಶ:
ಎಲ್ಲರೂ ಒಂದು ಮಾತು ದಾಟಿ ಹೋದಿರಿ. "ಕೈಬಾಬ್ ಜಿಂಕೆಗಳ ಗ್ರಾಫಿನಂಥ ನಿಜವಾದ ದತ್ತಾಂಶ". ಕ್ಷಮಿಸಿ, ಅದು ನಿಜವಾದ ದತ್ತಾಂಶ ಅಲ್ಲ. ಗೊತ್ತಿಲ್ಲದವರಿಗಾಗಿ ಕಥೆ ಇಷ್ಟು: ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಉತ್ತರಕ್ಕಿರುವ ಕೈಬಾಬ್ ಪ್ರಸ್ಥಭೂಮಿಯನ್ನು 1906ರಲ್ಲಿ ಜಿಂಕೆಗಳಿಗಾಗಿ ಮೀಸಲಿಟ್ಟರು. ಪ್ಯೂಮಾ, ಕೊಯೋಟೆ, ತೋಳಗಳನ್ನು ಕೊಂದರು. 4,000 ಇದ್ದ ಜಿಂಕೆ 1924ರ ಹೊತ್ತಿಗೆ 1,00,000 ಆಯಿತು, ಮೇವು ಮುಗಿಯಿತು, ಸಾವಿರಾರು ಜಿಂಕೆ ಹಸಿವಿನಿಂದ ಸತ್ತವು. ಪುಸ್ತಕಗಳು ಇದನ್ನು ನುಣುಪಾದ ಗೆರೆಯಾಗಿ ಬರೆದು "ಬೇಟೆಗಾರ ಪ್ರಾಣಿಗಳ ಪಾತ್ರ ವಿವರಿಸಿ" ಎಂದು ಕೇಳುತ್ತವೆ.

ಆದರೆ ಆ 4,000 ಯಾರೂ ಎಣಿಸಿದ್ದಲ್ಲ, ಅಂದಾಜು. 1924ರಲ್ಲಿ ಅರಣ್ಯದ ಮೇಲ್ವಿಚಾರಕರ ಅಂದಾಜು 30,000; ಬಂದು ನೋಡಿ ಹೋದವರು ಬೇರೆ ಬೇರೆ ಸಂಖ್ಯೆ ಹೇಳಿದರು, 1,00,000 ಅವುಗಳಲ್ಲೆಲ್ಲ ದೊಡ್ಡದು. ಪುಸ್ತಕಕ್ಕೆ ಹೋದದ್ದು ಅದೇ. 1970ರಲ್ಲಿ ಪರಿಸರ ವಿಜ್ಞಾನಿ ಗ್ರೇಮ್ ಕಾಗ್ಲಿ ಇದನ್ನೆಲ್ಲ ಬಿಡಿಸಿ ತೋರಿಸಿದರು. ಅದೇ ಕಾಲದಲ್ಲಿ ಅಲ್ಲಿ ಮೇಯುತ್ತಿದ್ದ ಕುರಿ, ದನಗಳೂ ಕಡಿಮೆಯಾಗಿದ್ದವು, ಮೇವು ಜಿಂಕೆಗೆ ಉಳಿಯಿತು ಎಂದೂ ಹೇಳಿದರು.

ಕಾಡುದಾರಿ:
"ನಿಜವಾದ ದತ್ತಾಂಶ ಅಲ್ಲ" ಎಂದು ಕುರ್ಚಿಯಲ್ಲಿ ಕೂತು ಬರೆಯುವುದು ಸುಲಭ. ನಾನು ಇಪ್ಪತ್ತೆರಡು ವರ್ಷ ಕಾಡಿನಲ್ಲಿ ಕೆಲಸ ಮಾಡಿದವನು. ಮೇಯುವ ಪ್ರಾಣಿ ಹೆಚ್ಚಾದ ಜಾಗ ನೋಡಿದರೇ ತಿಳಿಯುತ್ತದೆ. ಬಾಯಿಗೆ ಎಟಕುವಷ್ಟು ಎತ್ತರಕ್ಕೆ ಒಂದು ಎಲೆ ಇರುವುದಿಲ್ಲ, ಸಸಿ ಮೇಲೆ ಬರುವುದಿಲ್ಲ. ಕೈಬಾಬ್‌ನಲ್ಲೂ ಹಾಗೇ ಆಗಿತ್ತು, ಆಗಿನ ಜನ ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ಜಿಂಕೆ ಸತ್ತದ್ದು ಸುಳ್ಳೇ?

ಅಂಕಿಅಂಶ:
"ಜಿಂಕೆ ಸತ್ತದ್ದು ಸುಳ್ಳೇ" ಎಂದು ನಾನು ಎಲ್ಲೂ ಹೇಳಿಲ್ಲ. ಎಷ್ಟು ಇದ್ದವು, ಏಕೆ ಹೆಚ್ಚಾದವು ಎಂಬುದಕ್ಕೆ ಆ ಗೆರೆ ಸಾಕ್ಷಿಯಲ್ಲ ಎಂದೆ. 30,000ಕ್ಕೂ 1,00,000ಕ್ಕೂ ಮೂರು ಪಟ್ಟು ವ್ಯತ್ಯಾಸ.

ಕಾಡುದಾರಿ:
30,000 ಎಂದೇ ಇಟ್ಟುಕೊಳ್ಳಿ. 4,000ದಿಂದ 30,000 ಸಣ್ಣ ಏರಿಕೆಯೇ?

ಅಂಕಿಅಂಶ:
4,000ವೇ ಊಹೆ ಎಂದ ಮೇಲೆ ಅದರಿಂದ ಏರಿಕೆ ಲೆಕ್ಕ ಹಾಕುವುದು ಹೇಗೆ? ಇದನ್ನೇ ಮೊದಲ ಉತ್ತರದಲ್ಲೂ ಬರೆದಿದ್ದೆ.

ಹುಲ್ಲುಗಾವಲು:
ಅದು ಒಂದು ಉದಾಹರಣೆ ಮಾತ್ರ. ನಾನು ಕೇಳಿದ್ದು ಮೂರು ತಿಂಗಳ ಅಳತೆಯ ಬಗ್ಗೆ.

ಅಂಕಿಅಂಶ:
"ಉದಾಹರಣೆ ಮಾತ್ರ" ಅಲ್ಲ. ಮಕ್ಕಳಿಗೆ ಎಣಿಸಲು ಕಲಿಸುತ್ತೇನೆ ಎನ್ನುವ ಶಿಕ್ಷಕರು, ಯಾರೂ ಎಣಿಸದ ಸಂಖ್ಯೆಯನ್ನು ಮಾದರಿಯಾಗಿ ಕೊಡಬಾರದು. ನಿಮ್ಮ ವಾದಕ್ಕೇ ಅದು ವಿರುದ್ಧ.

ಕಾಡುದಾರಿ:
ಕಾಗ್ಲಿ ಹೆಸರು ಹೇಳಿ ಅಲ್ಲಿಗೇ ನಿಲ್ಲಿಸಿದಿರಿ. 2006ರಲ್ಲಿ ಪ್ರಕಟವಾದ ಅಧ್ಯಯನವನ್ನು ಏಕೆ ಬಿಟ್ಟಿರಿ? ಕೈಬಾಬ್‌ನ ಆಸ್ಪೆನ್ ಮರಗಳ ವಯಸ್ಸನ್ನು ಉಂಗುರ ಎಣಿಸಿ ನೋಡಿದರು. ಜಿಂಕೆ ವಿಪರೀತವಾಗಿತ್ತು ಎನ್ನುವ 1920ರ ದಶಕದಲ್ಲಿ ಹುಟ್ಟಿ ಬೆಳೆದ ಮರಗಳು ತೀರಾ ಕಡಿಮೆ. ಸಸಿಗಳನ್ನು ಜಿಂಕೆಗಳು ತಿಂದು ಮುಗಿಸಿದ್ದವು ಎಂದೇ ಅರ್ಥ. ಮರ ಸುಳ್ಳು ಹೇಳುವುದಿಲ್ಲ. ಬೇಕಾದ್ದು ತೋರಿಸಿ ಬೇಡದ್ದು ಮುಚ್ಚುವುದನ್ನು ನಮ್ಮ ಕಡೆ ವಿಜ್ಞಾನ ಎನ್ನುವುದಿಲ್ಲ.

ಅಂಕಿಅಂಶ:
"ಮುಚ್ಚುವುದು" ಎಂಬ ಮಾತು ಹಿಂತೆಗೆದುಕೊಳ್ಳಿ. ಆ ಅಧ್ಯಯನ ನನಗೆ ಗೊತ್ತು. ಅದು ಹೇಳುವುದು ಮೇಯುವಿಕೆ ಹೆಚ್ಚಿತ್ತು ಎಂದು. ಒಂದು ಲಕ್ಷ ಜಿಂಕೆ ಇದ್ದವು ಎಂದು ಮರದ ಉಂಗುರ ಹೇಳಲಾರದು.

ಕಾಡುದಾರಿ:
ಹಿಂತೆಗೆದುಕೊಳ್ಳುವುದಿಲ್ಲ. ಗೊತ್ತಿದ್ದೂ ಹೇಳದೇ ಇದ್ದಿರಿ ಎಂದು ಈಗ ನೀವೇ ಬರೆದಿದ್ದೀರಿ.

ತೂಗುಮಂಚ:
ನಡುವೆ ಬಂದಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ, ನಾನು ಶಿಕ್ಷಕಿಯಲ್ಲ, ಒಬ್ಬ ತಾಯಿ. ನನ್ನ ಮಗಳು ಪರಿಸರದ ಪಾಠ ಮುಗಿಸಿ ಬಂದ ದಿನ ಊಟ ಮಾಡದೆ ಕೂರುತ್ತಾಳೆ. ಹಿಮ ಕರಗುತ್ತಿದೆ, ಕಾಡು ಹೋಗುತ್ತಿದೆ, ಎಲ್ಲ ಮುಗಿಯಿತು ಎನ್ನುತ್ತಾಳೆ. ಅಳೆಯಲು ಕಲಿತರೆ ಈ ಭಯ ಕಡಿಮೆಯಾಗುತ್ತದೆಯೇ, ಹೆಚ್ಚಾಗುತ್ತದೆಯೇ? ನಿಮ್ಮಲ್ಲಿ ಯಾರಾದರೂ ಗಮನಿಸಿದ್ದರೆ ಹೇಳಿ.

ನೀಲಿಶಾಯಿ:
ಕೈಬಾಬ್ ಜಗಳ ನನ್ನ ಮಾತನ್ನೇ ಗಟ್ಟಿ ಮಾಡಿತು. ಒಂದೇ ಸಂಖ್ಯೆ, ಇಬ್ಬರು ಓದಿದವರು, ಎರಡು ಅರ್ಥ. ಅಳತೆಯಿಂದ ಏನೂ ತೀರ್ಮಾನವಾಗುವುದಿಲ್ಲ, ಅರ್ಥ ಮಾಡುವ ಚೌಕಟ್ಟು ಮೊದಲು ಬೇಕು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಾಡ್ ಮೀನನ್ನೇ ತೆಗೆದುಕೊಳ್ಳಿ. ವಿಜ್ಞಾನಿಗಳು ವರ್ಷ ವರ್ಷ ಅಳೆದರು. ಆದರೂ 1992ರ ಜುಲೈನಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು, ಸುಮಾರು 30,000 ಜನರ ಕೆಲಸ ಹೋಯಿತು.

ಮೀನುಬಲೆ:
"ವಿಜ್ಞಾನಿಗಳು ವರ್ಷ ವರ್ಷ ಅಳೆದರು" ಎಂದು ಅರ್ಧ ಮಾತ್ರ ಹೇಳಬೇಡಿ, ಅದು ನನಗೆ ತುಂಬ ಹತ್ತಿರದ ವಿಷಯ. ಏನನ್ನು ಅಳೆದರು ಎಂಬುದೇ ಪ್ರಶ್ನೆ. ದೊಡ್ಡ ಹಡಗುಗಳು ಒಂದು ಗಂಟೆಗೆ ಎಷ್ಟು ಹಿಡಿಯುತ್ತವೆ ಎಂಬ ಲೆಕ್ಕಕ್ಕೆ ಹೆಚ್ಚು ಬೆಲೆ ಕೊಟ್ಟರು. ಮೀನು ಕಡಿಮೆಯಾದಂತೆ ಉಳಿದವು ಒಂದೆಡೆ ಗುಂಪುಗೂಡಿದವು. ಹಡಗಿಗೆ ಆ ಗುಂಪು ಹುಡುಕುವ ಯಂತ್ರವಿತ್ತು, ಬಲೆ ತುಂಬುತ್ತಲೇ ಇತ್ತು, ಹಾಗಾಗಿ ಸಮುದ್ರವೂ ತುಂಬಿದೆ ಎಂದುಕೊಂಡರು. ತೀರದ ಸಣ್ಣ ದೋಣಿಯವರು ಮೀನು ಚಿಕ್ಕದಾಗುತ್ತಿದೆ, ಕಡಿಮೆಯಾಗುತ್ತಿದೆ ಎಂದು ವರ್ಷಗಟ್ಟಲೆ ಹೇಳಿದರು. ಅವರ ಮಾತು ಲೆಕ್ಕಕ್ಕೆ ಬರಲಿಲ್ಲ. ಅಲ್ಲಿ ಇಲ್ಲದಿದ್ದದ್ದು ಚೌಕಟ್ಟಲ್ಲ. ಚೌಕಟ್ಟು, ಸಮೀಕರಣ ಎಲ್ಲ ಇದ್ದವು. ತನ್ನ ಅಳತೆ ಎಲ್ಲಿ ಮೋಸ ಮಾಡುತ್ತದೆ ಎಂದು ಅನುಮಾನಿಸುವ ಅಭ್ಯಾಸ ಇರಲಿಲ್ಲ. ಆ ಅಭ್ಯಾಸ ಕೈಯಿಂದ ಅಳೆದವರಿಗೇ ಬರುವುದು.

ನಾನು ಮಕ್ಕಳಿಗೆ ಒಂದು ಆಟ ಆಡಿಸುತ್ತೇನೆ. ಒಂದು ಬಟ್ಟಲಲ್ಲಿ 40 ಬೀಜ, ಸುತ್ತ ನಾಲ್ಕು ಮಕ್ಕಳು. ಪ್ರತಿ ಸುತ್ತಿನಲ್ಲಿ ಎಷ್ಟು ಬೇಕಾದರೂ ತೆಗೆಯಬಹುದು, ಉಳಿದದ್ದು ಇಮ್ಮಡಿಯಾಗುತ್ತದೆ, ಆದರೆ 40ಕ್ಕಿಂತ ಹೆಚ್ಚಾಗುವುದಿಲ್ಲ. ಮಾತಾಡಬಾರದು ಎಂದರೆ ಹೆಚ್ಚಿನ ಗುಂಪುಗಳು ಎರಡು ಸುತ್ತಿಗೆ ಬಟ್ಟಲು ಖಾಲಿ ಮಾಡುತ್ತವೆ. ಮಾತಾಡಬಹುದು ಎಂದರೆ ಒಟ್ಟು 20 ತೆಗೆದು 20 ಬಿಡುವ ನಿಯಮವನ್ನು ಅವರೇ ಕಟ್ಟುತ್ತಾರೆ. ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಎಲ್ಲರದ್ದಾದ ಸಂಪತ್ತು ಹಾಳಾಗಿಯೇ ತೀರುತ್ತದೆ ಎಂದು ವಾದಿಸಿದರು. ಎಲಿನಾರ್ ಆಸ್ಟ್ರಂ ಹುಲ್ಲುಗಾವಲು, ನೀರಾವರಿ, ಮೀನುಗಾರಿಕೆಗಳನ್ನು ನೋಡಿ, ಜನ ತಾವೇ ನಿಯಮ ಮಾಡಿಕೊಂಡು ಕಾಪಾಡಿದ್ದಾರೆ ಎಂದು ತೋರಿಸಿದರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಸಂಪನ್ಮೂಲ ನಿರ್ವಹಣೆ ಕಲಿಸುವುದೆಂದರೆ ಇದನ್ನೂ ಕಲಿಸುವುದು.

ಅಂಕಿಅಂಶ:
"ಉಳಿದದ್ದು ಇಮ್ಮಡಿಯಾಗುತ್ತದೆ" ಎಂಬ ನಿಯಮ ಯಾವ ಮೀನಿಗೂ ಹೊಂದುವುದಿಲ್ಲ. ಬೆಳವಣಿಗೆಯ ದರ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಮೀನುಗಾರನಿಗೆ ಅದು ಗೊತ್ತಿರುವುದೂ ಇಲ್ಲ. ದಾಳ ಹಾಕಿ ದರ ನಿರ್ಧರಿಸಿ, ಆಗ ಆಟ ಪಾಠವಾಗುತ್ತದೆ.

ಮೀನುಬಲೆ:
ದಾಳ ಎರಡನೇ ದಿನಕ್ಕೆ. ಮೊದಲ ದಿನವೇ ದಾಳ ಕೊಟ್ಟರೆ ಸೋತವರು ದಾಳವನ್ನೇ ದೂರುತ್ತಾರೆ.

ಕಾಡುದಾರಿ:
ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಕೈಬಾಬ್ ಬೇಡವೆಂದರೆ ಪುಸ್ತಕದಲ್ಲಿ ಯಾವುದನ್ನು ಇಡುತ್ತೀರಿ?

ಅಂಕಿಅಂಶ:
ಸೇಂಟ್ ಮ್ಯಾಥ್ಯೂ ದ್ವೀಪ. 1944ರಲ್ಲಿ ಬೇರಿಂಗ್ ಸಮುದ್ರದ ಆ ದ್ವೀಪಕ್ಕೆ 29 ಹಿಮಸಾರಂಗ ತಂದು ಬಿಟ್ಟರು. 1957ರಲ್ಲಿ 1,350, 1963ರಲ್ಲಿ 6,000. ಮುಂದಿನ ಕಠಿಣ ಚಳಿಗಾಲ ದಾಟಿ 1966ರಲ್ಲಿ ನೋಡಿದಾಗ 42 ಉಳಿದಿದ್ದವು. ಅಲ್ಲಿಗೆ ಹೋಗಿ ಎಣಿಸಿದವರಿದ್ದಾರೆ. ಕಲ್ಲುಹೂವು ಮೇವು ಮುಗಿದದ್ದೂ ದಾಖಲಾಗಿದೆ.

ಕಾಡುದಾರಿ:
ಆ ದ್ವೀಪದಲ್ಲಿ ತೋಳ ಇತ್ತೇ? ಇರಲಿಲ್ಲ. ತೋಳವೇ ಇಲ್ಲದ ಜಾಗದಿಂದ ತೋಳ ಕೊಂದರೆ ಏನಾಗುತ್ತದೆ ಎಂದು ಹೇಗೆ ಕಲಿಸುತ್ತೀರಿ?

ಅಂಕಿಅಂಶ:
ಕಲಿಸುವುದಿಲ್ಲ. ಮೇವಿನ ಮಿತಿಯನ್ನು ಕಲಿಸುತ್ತೇನೆ. ಕೈಬಾಬ್‌ನಲ್ಲಿ ತೋಳದ ಪಾತ್ರ ಬೇರ್ಪಡಿಸಿ ತೋರಿಸಲು ಆಗದು ಎಂದೇ ಬೆಳಿಗ್ಗೆಯಿಂದ ಹೇಳುತ್ತಿರುವುದು.

ಕಾಡುದಾರಿ:
ಬೇರ್ಪಡಿಸಲು ಆಗದು ಎಂದರೆ ಪಾತ್ರವೇ ಇಲ್ಲ ಎಂದು ಮಗು ತಿಳಿಯುತ್ತದೆ. ನಾಳೆ ಅದೇ ಮಗು ಅಧಿಕಾರಿಯಾಗಿ ಬಂದು ತೋಳ ಹೊಡೆಯಲು ಸಹಿ ಹಾಕುತ್ತದೆ. ನಿಮಗೆ ಇದು ಅಂಕಿ, ನನಗೆ ಅಲ್ಲ. ನಾನು ಇನ್ನು ಇದರಲ್ಲಿ ಬರೆಯುವುದಿಲ್ಲ.

ನೀಲಿಶಾಯಿ:
ಹುಲ್ಲುಗಾವಲು ಅವರೇ, ಇಷ್ಟೆಲ್ಲ ಆದ ಮೇಲೂ ಮೂರು ತಿಂಗಳು ಪುಸ್ತಕ ಮುಚ್ಚಿಯೇ ಇಡುತ್ತೀರಾ?

ಹುಲ್ಲುಗಾವಲು:
ಇಡುತ್ತೇನೆ. ಆದರೆ ಪುಸ್ತಕ ತೆರೆದ ಮೊದಲ ದಿನ ಕೈಬಾಬ್‌ನ ಒಂದು ಗ್ರಾಫ್ ಕೊಡುವುದಿಲ್ಲ. ಮೂರು ಕೊಡುತ್ತೇನೆ: ಮೇಲ್ವಿಚಾರಕರ 30,000, ಪುಸ್ತಕದ 1,00,000, ಆಸ್ಪೆನ್ ಮರಗಳ ವಯಸ್ಸು. ಬಸವನಹುಳುಗಳನ್ನು ಎರಡು ಗುಂಪು ಎಣಿಸಿ ಎರಡು ಉತ್ತರ ಬಂದಾಗ ಮಕ್ಕಳು ಏನು ಕೇಳಿದರೋ ಅದನ್ನೇ ಇಲ್ಲೂ ಕೇಳಲಿ.

ನೀಲಿಶಾಯಿ:
"ಏನು ಕೇಳಿದರೋ ಅದನ್ನೇ". ಇದಕ್ಕೆ ಅಂಕ ಹೇಗೆ ಕೊಡುತ್ತೀರಿ? ಪರೀಕ್ಷೆಯಲ್ಲಿ ಒಂದು ಸರಿ ಉತ್ತರ ಇರಲೇಬೇಕು.

ಅಂಕಿಅಂಶ:
ಮೂರು ಗ್ರಾಫ್ ಕೊಡುವುದಾದರೆ ನನ್ನ ತಕರಾರಿಲ್ಲ. 4,000 ಎದುರು "ಅಂದಾಜು" ಎಂದು ದೊಡ್ಡದಾಗಿ ಬರೆಯಿರಿ.

ಹುಲ್ಲುಗಾವಲು:
ತೂಗುಮಂಚ ಅವರೇ, ನಿಮ್ಮ ಪ್ರಶ್ನೆಯನ್ನು ನಾವೆಲ್ಲ ದಾಟಿ ಹೋಗಿಬಿಟ್ಟೆವು. ಖಚಿತವಾಗಿ ಹೇಳಲಾರೆ. ನನ್ನ ತರಗತಿಯಲ್ಲಿ ಹಾಗೇ ಮೌನವಾಗಿದ್ದ ಒಬ್ಬ ಹುಡುಗ ಈಗ ಪ್ರತಿ ಸೋಮವಾರ ತಟ್ಟೆ ಇಳಿಸುವವನು ತಾನೇ ಎಂದು ಹಟ ಹಿಡಿಯುತ್ತಾನೆ. ನೀರು ಏನೂ ತಿಳಿಯಾಗಿಲ್ಲ. ಆದರೂ ಸೋಮವಾರ ಬಂದರೆ ಅವನೇ ಮೊದಲು ಹೊರಡುತ್ತಾನೆ.

ತೂಗುಮಂಚ:
ಆ ತಟ್ಟೆ ಮನೆಯಲ್ಲಿ ಮಾಡಿಕೊಳ್ಳಬಹುದೇ?

ಹುಲ್ಲುಗಾವಲು:
ಮಾಡಬಹುದು. ಅಡ್ಡಳತೆ 20 ಸೆಂಟಿಮೀಟರ್ ಇರುವ ತಟ್ಟೆ, ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ. ನಡುವೆ ತೂತು, ಕೆಳಗೆ ಭಾರ, ಹತ್ತು ಸೆಂಟಿಮೀಟರಿಗೊಂದು ಗಂಟು ಹಾಕಿದ ಹಗ್ಗ. ಇಳಿಸುವಾಗ ಮರೆಯಾದ ಆಳ, ಎತ್ತುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ. ಮಗಳನ್ನು ಒಬ್ಬಳನ್ನೇ ನೀರಿನ ಹತ್ತಿರ ಬಿಡಬೇಡಿ. ಮಧ್ಯಾಹ್ನದ ಹೊತ್ತು, ನೆರಳು ಬಿದ್ದ ಕಡೆ ನಿಂತು ನೋಡಿ.

ಅಂಕಿಅಂಶ:
ಪ್ರತಿ ಸಲ ಒಬ್ಬರೇ ನೋಡಲಿ. ಕಣ್ಣು ಬದಲಾದರೆ ಆಳವೂ ಬದಲಾಗುತ್ತದೆ.