ಸಹಾಯ ಬೇಕು: ಕಮಡೋರ್ 64ರ 'ಪೈರೇಟ್ಸ್!' ಆಟದ ಕೈಪಿಡಿ

ಎಲ್ಲರಿಗೂ ನಮಸ್ಕಾರ. 1987ರಲ್ಲಿ ಮೈಕ್ರೋಪ್ರೋಸ್ ಕಂಪನಿ ಕಮಡೋರ್ 64 ಎಂಬ ಹಳೆಯ ಮನೆಬಳಕೆಯ ಕಂಪ್ಯೂಟರಿಗೆ ತಂದ, ಸಿಡ್ ಮೈಯರ್ ಅವರ ಕಡಲ್ಗಳ್ಳರ ಆಟ 'ಪೈರೇಟ್ಸ್!' ಯಾರ ಹತ್ತಿರವಾದರೂ ಪೆಟ್ಟಿಗೆ ಸಮೇತ ಇದೆಯೇ?

ಡಿಸ್ಕ್ ನನ್ನಲ್ಲಿದೆ, ಅದರ 1541 ಫ್ಲಾಪಿ ಡ್ರೈವ್‌ನಲ್ಲಿ ಈಗಲೂ ಲೋಡ್ ಆಗುತ್ತದೆ. ಕೈಪಿಡಿ ಮಾತ್ರ ಇಲ್ಲ. ಅದಿಲ್ಲದೆ ಆಡುವುದು ಬಹಳ ಕಷ್ಟ. ಶುರುವಿನಲ್ಲೇ ಒಂದು ಪ್ರಶ್ನೆ ಬರುತ್ತದೆ: ಸ್ಪೇನಿನ ಟ್ರೆಷರ್ ಫ್ಲೀಟ್ (ಸಂಪತ್ತು ಸಾಗಿಸುವ ಹಡಗುಗಳ ದಂಡು) ಅಥವಾ ಸಿಲ್ವರ್ ಟ್ರೇನ್ (ಬೆಳ್ಳಿ ಹೊತ್ತ ಹೇಸರಗತ್ತೆಗಳ ಸಾಲು) ಇಂಥ ಊರಿಗೆ ಯಾವಾಗ ಬರುತ್ತದೆ ಅಂತ. ಉತ್ತರ ಕೈಪಿಡಿಯ ಪಟ್ಟಿಯಲ್ಲಿದೆ. ನಕಲು ಡಿಸ್ಕ್ ತಡೆಯಲು ಮಾಡಿದ್ದ ಉಪಾಯ ಅದು. ತಪ್ಪು ಹೇಳಿದರೆ ಆಟ ನಿಲ್ಲುವುದಿಲ್ಲ, ಆದರೆ ವಿಪರೀತ ಕಠಿಣವಾಗುತ್ತದೆ.

ಆ ಪಟ್ಟಿ ಬರೀ ಬೀಗದ ಕೈ ಅಲ್ಲ ಅನ್ನೋದೇ ನನಗೆ ಬಹಳ ಇಷ್ಟ. ಪೆರುವಿನ ಬೆಳ್ಳಿ ಪನಾಮಾದಿಂದ ಹೇಸರಗತ್ತೆಗಳ ಮೇಲೆ ಕೆರಿಬಿಯನ್ ತೀರಕ್ಕೆ ಸಾಗುತ್ತಿದ್ದದ್ದು ನಿಜವಾದ ಇತಿಹಾಸ. ಆಟದಲ್ಲೂ ಯಾವ ತಿಂಗಳು ಯಾವ ಊರಿನಲ್ಲಿ ಸಂಪತ್ತು ಇರುತ್ತದೆ ಅಂತ ಲೆಕ್ಕ ಹಾಕಿಯೇ ದಾಳಿ ಮಾಡಬೇಕು. ಇಷ್ಟು ಚಂದವಾಗಿ ಕೈಪಿಡಿಯನ್ನು ಆಟದೊಳಗೆ ಬೆಸೆದವರು ಕಡಿಮೆ.

1560ರಿಂದ 1680ರವರೆಗೆ ಆರು ಕಾಲಘಟ್ಟಗಳಿವೆ. ಎಲ್ಲದರ ಪಟ್ಟಿ ಸಿಕ್ಕರೆ ಸಂತೋಷ, ಇಲ್ಲದಿದ್ದರೆ 1660ರದ್ದು ಮೊದಲು ಕಳಿಸಿ. ಜೊತೆಗಿದ್ದ ಕೆರಿಬಿಯನ್ ನಕಾಶೆಯೂ ಬೇಕು. ಮೊಬೈಲಿನಲ್ಲಿ ತೆಗೆದ ಫೋಟೋ ಸಾಕು, ಊರಿನ ಹೆಸರು, ತಿಂಗಳು ಓದುವಂತಿದ್ದರೆ ಆಯಿತು. ಅಮಿಗಾ ಕಂಪ್ಯೂಟರಿನ ಆವೃತ್ತಿಯ ಕೈಪಿಡಿ ಇದ್ದವರೂ ದಯವಿಟ್ಟು ತಿಳಿಸಿ.